ನೀರುಕರಡಿ ಸಾಯೋದೇ ಇಲ್ವಂತೆ!

ಮೊನ್ನೆ ಮತ್ತೆ ಅದೇ ಫಾರ್ವರ್ಡ್ ಬಂತು. ನೀರುಕರಡಿ ಕುದಿಸಿದರೂ ಸಾಯಲ್ಲ, ಬಾಹ್ಯಾಕಾಶಕ್ಕೆ ಎಸೆದರೂ ಸಾಯಲ್ಲ ಅಂತ. ಈ ಸಲ ಕಳಿಸಿದ್ದು ನಮ್ಮ ಚಿಕ್ಕಪ್ಪ. ಕೆಳಗೆ ಅವರದೇ ಒಗ್ಗರಣೆ ಬೇರೆ: "ಇಂಥದ್ದಕ್ಕೆ ಹೊಸ ಹೊಸ ಹೆಸರಿಡೋಕೆ ಸರ್ಕಾರದ ದುಡ್ಡು ಯಾಕೋ? ಸಾಯದ ಪ್ರಾಣಿ ಎಲ್ಲಿಗೆ ಹೋಗುತ್ತೆ?" ಚಿಕ್ಕಪ್ಪನಿಗೆ ಎದುರು ಮಾತಾಡಿ ಅಭ್ಯಾಸವಿಲ್ಲ, ಅದಕ್ಕೇ ಇಲ್ಲಿ ಕೂಗಾಡ್ತಿದೀನಿ. ಸಹಿಸ್ಕೊಳ್ಳಿ :)

ಆ ಮಾತು ಅರ್ಧ ಸುಳ್ಳು ಸ್ವಾಮಿ. 2007ರಲ್ಲಿ ಫೋಟಾನ್-ಎಂ3 ನೌಕೆಯಲ್ಲಿ ಹೋಗಿ ಬದುಕಿ ಬಂದದ್ದು ನೆಲದ ಪಾಚಿಯಲ್ಲಿರೋ ಜಾತಿಗಳು. ಪಾಚಿ ಒಣಗಿದಾಗ ಅವೂ ಮುದುಡಿ ಒಣಗ್ತವೆ, ನೀರು ಬಿದ್ದರೆ ಏಳ್ತವೆ. ಆಳಸಮುದ್ರದ ಕೆಸರು ಯಾವತ್ತು ಒಣಗಿದೆ ಹೇಳಿ? ಸಮುದ್ರದ ಬಹುಪಾಲು ನೀರುಕರಡಿಗಳಿಗೆ ಆ ವಿದ್ಯೆಯೇ ಬರೋದಿಲ್ಲ.

ಇನ್ನು ಹೆಸರಿಡೋದು. ನಾಮಕರಣದ ಊಟ ಅಂದ್ಕೊಂಡಿದಾರೋ ಏನೋ! ಸಾವಿರಾರು ಮೀಟರ್ ಆಳದಿಂದ ಕೆಸರು ಎತ್ತಬೇಕು. ಕೂದಲಿಗಿಂತ ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನ ಸೂಕ್ಷ್ಮದರ್ಶಕದ ಕೆಳಗೆ ಚೂರು ಚೂರೇ ಹುಡುಕಬೇಕು. ಸಿಕ್ಕಿದ್ದನ್ನ ಗ್ಲಿಸರಿನ್‌ನಲ್ಲಿ ಕೂರಿಸಿ ಉಗುರು, ಬೆರಳು, ತಲೆಯ ಮೀಸೆ ಎಲ್ಲಾ ಅಳೆಯಬೇಕು. ಎಷ್ಟೋ ಸಲ ಇಡೀ ಜಾತಿಗೆ ಒಂದೇ ಒಂದು ಮಾದರಿ. ಕೈ ನಡುಗಿತೋ, ಮುಗೀತು. ಗೋಯೆತ್ಸೆ ಎಂಬ ಜರ್ಮನ್ ಪಾದ್ರಿ ನೀರುಕರಡಿಯ ಬಗ್ಗೆ ಬರೆದದ್ದು 1773ರಲ್ಲಿ. ಕೊರೊನಾರ್ಕ್ಟಸ್ ಎಂಬ ಆಳಸಮುದ್ರದ ಕುಲವನ್ನ ಫ್ರಾನ್ಸಿನ ರೆನೋ-ಮೋರ್ನಾ ವಿವರಿಸಿದ್ದು 1974ರಲ್ಲಿ. ಇನ್ನೂರು ವರ್ಷದ ಅಂತರ! ನಮ್ಮ ಪಕ್ಕದ ಕೇರಳದವರು 2021ರಲ್ಲಿ ಸ್ಟೈಗಾರ್ಕ್ಟಸ್ ಕೇರಳೆನ್ಸಿಸ್ ಅಂತ, 2023ರಲ್ಲಿ ಮಂಡಪಂ ತೀರದ್ದಕ್ಕೆ ಕಲಾಂ ಹೆಸರು ಸೇರಿಸಿ ಬ್ಯಾಟಿಲಿಪಸ್ ಕಲಾಮಿ ಅಂತ ಇಟ್ಟರು. ಎರಡನೆಯದು 0.17 ಮಿ.ಮೀ. ಉದ್ದ. ಇವು ದಡದವು, ಆಳದವಲ್ಲ. ದಡದಲ್ಲೇ ಪರಿಸ್ಥಿತಿ ಹೀಗಿದೆ.

ನನಗೆ ನಿಜವಾಗಿ ಮೈ ಉರಿಯೋದು ಬೇರೆ ಕಾರಣಕ್ಕೆ. ಪೆಸಿಫಿಕ್‌ನ ಕ್ಲಾರಿಯನ್-ಕ್ಲಿಪರ್ಟನ್ ವಲಯದಲ್ಲಿ ನಿಕ್ಕಲ್, ಕೋಬಾಲ್ಟ್ ಇರೋ ಗಟ್ಟಿಗಳನ್ನ ಬಾಚೋಕೆ ಕಂಪನಿಗಳು ಸಾಲು ನಿಂತಿವೆ. ಅಲ್ಲಿನ ಪ್ರಾಣಿಜಾತಿಗಳಲ್ಲಿ 88ರಿಂದ 92 ಶೇಕಡಾಕ್ಕೆ ಹೆಸರೇ ಇಲ್ಲ ಅಂತ 2023ರ ಒಂದು ಅಧ್ಯಯನ ಅಂದಾಜಿಸಿದೆ. ನಮ್ಮ ದೇಶವೇನೂ ಹಿಂದೆ ಬಿದ್ದಿಲ್ಲ. ಮಧ್ಯ ಹಿಂದೂ ಮಹಾಸಾಗರದಲ್ಲಿ ಇಂಥದ್ದೇ ಗಟ್ಟಿಗಳ ಅನ್ವೇಷಣೆಗೆ 2002ರಲ್ಲೇ ಒಪ್ಪಂದ ಮಾಡ್ಕೊಂಡಿದೀವಿ, ನಮ್ಮ ಪಾಲು 75,000 ಚದರ ಕಿ.ಮೀ. ಗಟ್ಟಿ ಬಾಚುವ ಯಂತ್ರ ಜೊತೆಗೆ ಎತ್ತೋದು ಕೆಸರಿನ ಮೇಲಿನ ಕೆಲವು ಸೆಂಟಿಮೀಟರ್. ಈ ಸಣ್ಣ ಜೀವಿಗಳ ಸಂಸಾರವೆಲ್ಲ ಹೆಚ್ಚಾಗಿ ಇರೋದೂ ಅಲ್ಲೇ.

ಹೆಸರಿಟ್ಟ ಮಾತ್ರಕ್ಕೆ ಉಳೀತವೆ ಅಂತ ನಾನೂ ನಂಬಲ್ಲ. ಹೆಸರಿದ್ದ ಎಷ್ಟೋ ಪ್ರಾಣಿಗಳನ್ನೇ ನಾವು ಮುಗಿಸಿದೀವಿ. ಆದರೆ ಏನಿತ್ತು ಅನ್ನೋದೇ ಗೊತ್ತಿಲ್ಲದಿದ್ದರೆ, ಬಾಚಿದ ಮೇಲೆ "ಏನೂ ನಷ್ಟವಾಗಿಲ್ಲ" ಅಂತ ವರದಿ ಬರೆಯೋದು ಎಷ್ಟು ಸುಲಭ ನೋಡಿ. ಅದನ್ನ ತಪ್ಪು ಅಂತ ತೋರಿಸೋಕೆ ಯಾರ ಹತ್ರ ಏನಿರುತ್ತೆ?

ಚಿಕ್ಕಪ್ಪನಿಗೆ ಇದನ್ನ ಕಳಿಸೋ ಧೈರ್ಯ ಇನ್ನೂ ಬಂದಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಅದೇ ಫಾರ್ವರ್ಡ್ ಬಂದರೆ, ದಯವಿಟ್ಟು ಮುಂದಕ್ಕೆ ದಾಟಿಸಬೇಡಿ.