ಲೂಡೋ ಚೌಕಾಬಾರದ ಹೊಸ ಆವೃತ್ತಿಯಲ್ಲ



ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಚೆಗೆ ನನ್ನೆದುರು ಒಂದೇ ಮಾತನ್ನು ಬಗೆಬಗೆಯಾಗಿ ಆಡುತ್ತಿದ್ದಾರೆ: “ಸರ್, ಮೊಬೈಲಿನ ಲೂಡೋ ಅಂದ್ರ ನಮ್ಮ ಚೌಕಾಬಾರಾನೇ, ಹೊಸ ಅಂಗಿ ತೊಟ್ಟದ ಅಷ್ಟೇ.” ಅಂಗಿಯೊಂದೇ ಬದಲಾಗಿದ್ದರೆ ನನ್ನ ತಕರಾರೇನೂ ಇರುತ್ತಿರಲಿಲ್ಲ. ಅಂಗಿಯೊಳಗಿನ ಆಳೇ ಬೇರೆ ಎಂಬುದು ನನ್ನ ವಾದ. ಬಾಲ್ಯದಿಂದ ಈ ಆಟವನ್ನು ಆಡಿದ ನಮ್ಮ ಹಲಬರ್ಗಾದ ನನ್ನ ವಾರಗೆಯವರ ದೂರೂ ಇದೇ ಆಗಿದೆ. ಅವರ ಪರವಾಗಿ ನಾಲ್ಕು ಮಾತು ಬರೆಯುತ್ತೇನೆ.

ಮೊದಲು ವಂಶಾವಳಿ. ಲೂಡೋ ಹುಟ್ಟಿದ್ದು ಪಚ್ಚೀಸಿಯಿಂದ. ೧೮೯೬ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟು ಪಡೆದರು. ಕವಡೆಯನ್ನು ತೆಗೆದು ಆರು ಮುಖದ ದಾಳವನ್ನು ಇಟ್ಟರು. ಪಚ್ಚೀಸಿಯಲ್ಲಿ ಎದುರುಬದುರು ಕುಳಿತ ಇಬ್ಬರು ಜೊತೆಗಾರರು. ಲೂಡೋದಲ್ಲಿ ಪ್ರತಿಯೊಬ್ಬನೂ ಒಬ್ಬಂಟಿ. ೨೦೧೬ರಲ್ಲಿ ಲೂಡೋ ಕಿಂಗ್ ಮೊಬೈಲಿಗೆ ಬಂತು, ೨೦೨೦ರ ಲಾಕ್‌ಡೌನಿನಲ್ಲಿ ಮನೆಮನೆಯನ್ನೂ ಹೊಕ್ಕಿತು. ಇಷ್ಟು ಸಾಕು.

ಇನ್ನು ನಮ್ಮ ಆಟ. ಐದೈದು ಮನೆಗಳ ಚೌಕ, ನಾಲ್ಕು ಕವಡೆ. ಕವಡೆ ಇಲ್ಲದ ಮನೆಯಲ್ಲಿ ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲನ್ನು ಬಿಳುಪಾಗಿಸಿಕೊಳ್ಳುತ್ತಿದ್ದೆವು. ಕಾಯಿಗೆ ಬಳೆಚೂರು, ಜೋಳದ ದಂಟಿನ ತುಂಡು, ಕೈಗೆ ಸಿಕ್ಕಿದ್ದು. ಮೇಲ್ಮುಖವಾಗಿ ಬಿದ್ದ ಕವಡೆಗಳೆಷ್ಟೋ ಅಷ್ಟು ಮನೆ ನಡೆ. ನಾಲ್ಕೂ ಬೋರಲು ಬಿದ್ದರೆ ಎಂಟು. ನಾಲ್ಕು ಅಥವಾ ಎಂಟು ಬಿದ್ದವನಿಗೆ ಮತ್ತೊಂದು ಸಲ ಹಾಕುವ ಹಕ್ಕು.

ನನ್ನ ಗಣಿತದ ತರಗತಿಯಲ್ಲಿ ಕುಳಿತವರು ಈಗ ಸ್ವಲ್ಪ ನೆಟ್ಟಗೆ ಕೂಡಿರಿ. ಕವಡೆಯ ಎರಡೂ ಮಗ್ಗುಲು ಸಮನಾಗಿ ಬೀಳುತ್ತವೆಂದು ಹಿಡಿದರೆ ನಾಲ್ಕು ಕವಡೆ ಬೀಳುವ ಬಗೆ ಹದಿನಾರು. ಅವುಗಳಲ್ಲಿ ಎರಡು ಬೀಳುವುದು ಆರು ಬಗೆಯಲ್ಲಿ. ಒಂದು ನಾಲ್ಕು ಬಗೆಯಲ್ಲಿ, ಮೂರೂ ನಾಲ್ಕು ಬಗೆಯಲ್ಲಿ. ನಾಲ್ಕು ಮತ್ತು ಎಂಟು ಒಂದೊಂದೇ ಬಗೆಯಲ್ಲಿ. ಆದ್ದರಿಂದ ವೈರಿಯ ಕಾಯಿಗಿಂತ ಎರಡು ಮನೆ ಮುಂದೆ ನಿಂತ ಕಾಯಿಗೆ ಅಪಾಯ ಅತಿ ಹೆಚ್ಚು, ನಾಲ್ಕು ಮನೆ ಮುಂದೆ ನಿಂತದ್ದು ಹೆಚ್ಚುಕಡಿಮೆ ನಿಶ್ಚಿಂತ. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬ ವಿವೇಕಕ್ಕೆ ಅಲ್ಲಿ ಅವಕಾಶವಿದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರು ಈ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು. ಆರು ಮುಖದ ದಾಳದಲ್ಲಾದರೋ ಒಂದರಿಂದ ಆರರವರೆಗೆ ಎಲ್ಲಕ್ಕೂ ಸಮಪಾಲು: ಒಂದು ಮನೆ ಮುಂದೆ ನಿಂತರೂ ಅಷ್ಟೇ ಭಯ, ಆರು ಮನೆ ಮುಂದೆ ನಿಂತರೂ ಅಷ್ಟೇ. ಅರ್ಧ ಯೋಚನೆ ಅಲ್ಲಿಗೇ ಮುಗಿಯಿತು. ಮೇಲಾಗಿ, ನಿಜವಾದ ಕವಡೆ ಸಮನಾಗಿ ಬೀಳುವುದೂ ಇಲ್ಲ. ಒಂದೊಂದಕ್ಕೂ ಒಂದೊಂದು ವಾಲು ಇರುತ್ತದೆ. ಮನೆಯ ಕವಡೆಯ ಗುಣವನ್ನು ಬಲ್ಲವನು ಆಟ ಬಲ್ಲವನು.

ಎರಡನೆಯ ನಷ್ಟ ಇನ್ನೂ ದೊಡ್ಡದು. ನಮ್ಮಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹೇಡಿಯಂತೆ ಕಟ್ಟೆಯಿಂದ ಕಟ್ಟೆಗೆ ಜಾರಿಕೊಂಡು ಹಣ್ಣಾಗುವ ದಾರಿಯೇ ಇಲ್ಲ. ಒಳಗೆ ಹೋದಮೇಲೆ ನಡೆಯ ದಿಕ್ಕೂ ತಿರುಗುತ್ತದೆ. ಲೂಡೋದಲ್ಲಿ ಯಾರನ್ನೂ ಮುಟ್ಟದೆ ಮನೆ ಸೇರಿ ಗೆದ್ದೆನೆನ್ನಬಹುದು.

“ನಿಮ್ಮ ನಿಯಮಗಳಾದರೂ ಊರಿಗೊಂದು ತರಹ ಇದ್ದವಲ್ಲ, ಯಾವುದು ಅಸಲು?” ಎಂದು ಒಬ್ಬ ಜಾಣ ಕೇಳಿದ್ದಾನೆ. ಹೌದು, ಊರಿಗೊಂದು ತರಹ ಇದ್ದವು. ನಮ್ಮ ಬೀದರ ಸೀಮೆಯಲ್ಲಿ ಆಟದ ಹೆಸರೇ ಒಂದಲ್ಲ. ತೆಲುಗರಿಗೆ ಅದು ಅಷ್ಟಾ ಚಮ್ಮಾ, ಮರಾಠಿಗರಿಗೆ ಚಲ್ಲಸ್ ಆಠ್. ಭಾಲ್ಕಿಯಿಂದ ಬಂದ ಹುಡುಗ, ಔರಾದಿನಿಂದ ರಜೆಗೆ ಬಂದ ಹುಡುಗಿ ಒಂದೇ ಚೌಕದ ಸುತ್ತ ಕುಳಿತರೆ ಮೊದಲ ಹತ್ತು ನಿಮಿಷ ಆಟವಲ್ಲ, ಪಂಚಾಯಿತಿ. ಜೋಡಿಕಾಯಿ ಉಂಟೋ ಇಲ್ಲವೋ? ಮೂರು ಸಲ ಎಂಟು ಬಿದ್ದರೆ ಎಣಿಕೆಯೋ, ಸುಟ್ಟುಹೋಯಿತೋ? ವಾದಿಸಿ, ಸೋತು, ಒಪ್ಪಿ, ಒಪ್ಪಿದ ಮೇಲೆ ಅದಕ್ಕೆ ತಲೆಬಾಗಿ ಆಡುತ್ತಿದ್ದರು. ಪೌರನೀತಿಯ ಪಾಠವನ್ನು ನಾನು ಕರಿಹಲಗೆಯ ಮೇಲೆ ವರ್ಷಾನುಗಟ್ಟಲೆ ಬರೆದಿದ್ದೇನೆ. ಅದು ಮಕ್ಕಳಿಗೆ ತಿಳಿದದ್ದು ಅಲ್ಲಿ ಅಲ್ಲ, ಈ ಸೀಮೆಸುಣ್ಣದ ಚೌಕದ ಬಳಿ. ಮೊಬೈಲಿನಲ್ಲಿ ನಿಯಮವನ್ನು ಮೊದಲೇ ಯಾರೋ ಬರೆದಿಟ್ಟಿರುತ್ತಾರೆ. ಅವನೊಡನೆ ವಾದಿಸುವಂತಿಲ್ಲ, ಅವನ ಮುಖವನ್ನು ಕಾಣುವಂತೆಯೂ ಇಲ್ಲ.

ಇನ್ನೊಬ್ಬರ ಆಕ್ಷೇಪ: “ಜೂಜು ಹಿಂದೆಯೂ ಇತ್ತಲ್ಲ, ಧರ್ಮರಾಯ ಸೋತದ್ದು ಮೊಬೈಲಿನಲ್ಲೇನು?” ಸರಿ. ಆದರೆ ಧರ್ಮರಾಯನಿಗೆ ತಾನು ಯಾರೆದುರು ಸೋಲುತ್ತಿದ್ದೇನೆ ಎಂಬುದಾದರೂ ತಿಳಿದಿತ್ತು. ಹಣ ಕಟ್ಟಿಸಿಕೊಳ್ಳುವ ಲೂಡೋ ಆ್ಯಪ್‌ಗಳಲ್ಲಿ ಹೊಲದ ಕೂಲಿ ಕಳೆದುಕೊಂಡ ತರುಣನಿಗೆ ಗೆದ್ದವನು ಯಾರೆಂಬುದೇ ಗೊತ್ತಿಲ್ಲ. ಕಟ್ಟೆಯ ಮೇಲೆ ಆಡಿದರೆ ದಾರಿಹೋಕ ಹಿರಿಯನೊಬ್ಬ ಕಿವಿ ಹಿಂಡಿ ಎಬ್ಬಿಸಿಯಾನು. ಹೊದಿಕೆಯೊಳಗೆ ಆಡುವವನನ್ನು ಎಬ್ಬಿಸುವವರಾರು? ಕರ್ನಾಟಕ ಸರ್ಕಾರ ೨೦೨೧ರಲ್ಲಿ ಪೊಲೀಸ್ ಕಾಯ್ದೆಯನ್ನು ತಿದ್ದಿ ಇಂಥ ಆಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ತಳ್ಳಿಹಾಕಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಅಷ್ಟರೊಳಗೆ ಹೋದದ್ದು ಹೋಯಿತು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಶಿಷ್ಯನೊಬ್ಬ, “ಹಾಗಿದ್ದರೆ ಚೌಕಾಬಾರದ್ದೇ ಆ್ಯಪ್ ಮಾಡಿಕೊಡಲೇ ಸರ್?” ಎಂದು ಕೇಳಿದ್ದಾನೆ. ಮಾಡಪ್ಪಾ, ಬೇಡವೆನ್ನುವುದಿಲ್ಲ. ಹೊಡೆಯದೆ ಒಳಗೆ ಬಿಡಬೇಡ, ಹಣದ ಸುದ್ದಿ ತರಬೇಡ. ಆಟ ಶುರುವಾಗುವ ಮೊದಲು ಜೋಡಿಕಾಯಿ ಉಂಟೋ ಇಲ್ಲವೋ ಎಂದು ಆಡುವವರು ತಾವೇ ಜಗಳವಾಡಿ ತೀರ್ಮಾನಿಸಲು ಹತ್ತು ನಿಮಿಷ ಬಿಡು. ಕವಡೆಯ ವಾಲನ್ನು ಮಾತ್ರ ನೀನು ಹೇಗೆ ತರುತ್ತೀಯೋ ನನಗೆ ಹೊಳೆಯುತ್ತಿಲ್ಲ. ದೀಪಾವಳಿಗೆ ಊರಿಗೆ ಬಂದಾಗ ಕುಳಿತು ಮಾತಾಡೋಣ.