ಟ್ಯೂಬ್‌ಲೈಟ್ ಮೇಲಿನ ಹೆಸರು

ನಮ್ಮೂರ ದೇವಸ್ಥಾನದಲ್ಲೊಂದು ಟ್ಯೂಬ್‌ಲೈಟ್ ಇತ್ತು. ದಾನಿಯ ಹೆಸರು, ಅವರಪ್ಪನ ಹೆಸರು, ಮನೆತನ, ಎಲ್ಲಾ ಕೆಂಪು ಪೇಂಟಲ್ಲಿ ಬರೆಸಿ ಬರೆಸಿ ಕೊನೆಗೆ ಬೆಳಕೇ ಹೊರಗೆ ಬರ್ತಿರಲಿಲ್ಲ. ಏಣಿ ಹತ್ತಿ ವೈರ್ ಎಳೆದವನ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಬಿಇ ಓದುವಾಗ "ವಾನ್ ನ್ಯೂಮನ್ ಆರ್ಕಿಟೆಕ್ಚರ್ ಎಂದರೇನು?" ಅಂತ ಪರೀಕ್ಷೆಗೆ ಉರು ಹೊಡೆದಿದ್ದೀರಲ್ಲ, ಅದೂ ಇದೇ ಕಥೆ ಸ್ವಾಮಿ. ಆ ಹೆಸರನ್ನ ಇನ್ನಾದರೂ ಬಿಡಬೇಕು ಅನ್ನೋದು ನನ್ನ ವಾದ.

1943ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮೂರ್ ಸ್ಕೂಲಿನಲ್ಲಿ ಸೈನ್ಯದ ದುಡ್ಡಿನಲ್ಲಿ ಎನಿಯಾಕ್ ಕಟ್ಟೋಕೆ ಶುರು ಮಾಡಿದರು. ಹದಿನೇಳು ಸಾವಿರಕ್ಕೂ ಹೆಚ್ಚು ವ್ಯಾಕ್ಯೂಮ್ ಟ್ಯೂಬ್, 30 ಟನ್ ತೂಕ. ಯೋಜನೆ ಜಾನ್ ಮಾಕ್ಲಿಯದು. ಅದನ್ನ ಕಟ್ಟಿ ನಿಲ್ಲಿಸಿದ ಮುಖ್ಯ ಎಂಜಿನಿಯರ್ ಪ್ರೆಸ್ಪರ್ ಎಕರ್ಟ್, ಆಗ ಬರೀ 24ರ ಹುಡುಗ. ಯಂತ್ರ ವೇಗದ್ದೇ, ಆದರೆ ಹೊಸ ಲೆಕ್ಕ ಕೊಡಬೇಕಂದ್ರೆ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ, ಸ್ವಿಚ್ ತಿರುಗಿಸಿ ದಿನಗಟ್ಟಲೆ ಒದ್ದಾಡಬೇಕು. ಆ ಕೆಲಸ ಮಾಡಿದ್ದು ಆರು ಜನ ಹೆಣ್ಣುಮಕ್ಕಳು. (ಅವರ ಹೆಸರು ಎಷ್ಟು ದಶಕ ಮರೆತುಹೋಗಿತ್ತು ಅನ್ನೋದು ಇನ್ನೊಂದು ಲೇಖನಕ್ಕೇ ಆಗುವಷ್ಟಿದೆ.)

ಈ ಪಾಡು ಕಂಡವರಿಗೆ ಪರಿಹಾರ ಹೊಳೆಯದೆ ಇರುತ್ತಾ? 1944ರ ಜನವರಿಯಲ್ಲೇ ಎಕರ್ಟ್, ತಿರುಗುವ ಲೋಹದ ಡಿಸ್ಕ್ ಮೇಲೆ ಮಾಹಿತಿ ಉಳಿಸೋ ಯಂತ್ರದ ಬಗ್ಗೆ ಟಿಪ್ಪಣಿ ಬರೆದಿಟ್ಟಿದ್ದ. ರೇಡಾರ್ ಕೆಲಸದಲ್ಲಿ ಪಳಗಿದ್ದ ಪಾದರಸದ ಡಿಲೇ ಲೈನನ್ನ ಮೆಮೊರಿ ಮಾಡಬಹುದು ಅಂದವನೂ ಅವನೇ. ವಾನ್ ನ್ಯೂಮನ್ ಆ ಗುಂಪಿಗೆ ಬಂದಿದ್ದು 1944ರ ಬೇಸಿಗೆಯಲ್ಲಿ, ಸಲಹೆಗಾರರಾಗಿ. ಮುಂದಿನ ಯಂತ್ರ ಎಡ್ವ್ಯಾಕ್ ಬಗ್ಗೆ ಎಲ್ಲರೂ ಕೂತು ಚರ್ಚೆ ಮಾಡಿದರು. ಅದನ್ನೆಲ್ಲ ಅವರು ಬರೆದು ಕಳಿಸಿದರು. ಗೋಲ್ಡ್‌ಸ್ಟೈನ್ ಅನ್ನೋ ಸೈನ್ಯಾಧಿಕಾರಿ ಟೈಪ್ ಮಾಡಿಸಿ, 1945ರ ಜೂನ್‌ನಲ್ಲಿ ಪ್ರತಿ ಹಂಚಿಬಿಟ್ಟ. ಮೇಲೆ ಒಂದೇ ಹೆಸರು: ಜಾನ್ ವಾನ್ ನ್ಯೂಮನ್.

ಅಲ್ಲಿಗೆ ಮುಗೀತು. ಎಕರ್ಟ್, ಮಾಕ್ಲಿ ತಮ್ಮ ಕೆಲಸದ ಬಗ್ಗೆ ಹೊರಗೆ ಬರೆಯೋ ಹಾಗಿರಲಿಲ್ಲ, ಸೈನ್ಯದ ಗುಟ್ಟು. 1946ರ ಮಾರ್ಚ್‌ನಲ್ಲಿ ಪೇಟೆಂಟ್ ಹಕ್ಕು ಬಿಟ್ಟುಕೊಡಿ ಅಂತ ಮೂರ್ ಸ್ಕೂಲು ಪಟ್ಟು ಹಿಡಿದಾಗ ಇಬ್ಬರೂ ಕೆಲಸ ಬಿಟ್ಟರು. ನಮ್ಮ ಆಫರ್ ಲೆಟರ್‌ನಲ್ಲಿ ಓದದೇ ಸಹಿ ಹಾಕ್ತೀವಲ್ಲ, ಅದೇ ಷರತ್ತು! ಆಮೇಲೆ 1947ರಲ್ಲಿ ವಕೀಲರು ಹೇಳಿದ್ದು: ಆ ವರದಿ ಹಂಚಿದ್ದೇ ಪ್ರಕಟಣೆ ಆಯ್ತು, ಗಡುವು ಮೀರಿದೆ, ಎಡ್ವ್ಯಾಕ್ ವಿಚಾರಕ್ಕೆ ಪೇಟೆಂಟ್ ಸಿಗಲ್ಲ.

ವಾನ್ ನ್ಯೂಮನ್ ದೊಡ್ಡ ಮೆದುಳು, ಅದರಲ್ಲಿ ಎರಡು ಮಾತಿಲ್ಲ. ಟ್ಯೂಬು, ಸೋಲ್ಡರ್ ಎಲ್ಲ ಪಕ್ಕಕ್ಕಿಟ್ಟು ಯಂತ್ರದ ತರ್ಕವನ್ನ ಅಷ್ಟು ಸ್ವಚ್ಛವಾಗಿ ಬರೆಯೋದು ಎಲ್ಲರ ಕೈಲಾಗಲ್ಲ. ಕೆಲವರು ಹೇಳ್ತಾರೆ, ವರದಿ ಹಂಚಿದ್ದಕ್ಕೇ ಕಂಪ್ಯೂಟರ್ ಎಲ್ಲರದ್ದಾಯ್ತು ಅಂತ. ನಿಜ. ಕೇಂಬ್ರಿಡ್ಜಿನ ವಿಲ್ಕ್ಸ್ ಒಂದೇ ರಾತ್ರಿ ಎರವಲು ಸಿಕ್ಕ ಪ್ರತಿ ಓದಿ, 1949ರಲ್ಲಿ ಎಡ್‌ಸ್ಯಾಕ್ ಓಡಿಸಿದರು. ಆದರೆ ಹಂಚೋಕೂ ಒಂದೇ ಹೆಸರು ಹಾಕೋಕೂ ಏನು ಸಂಬಂಧ? ಮೂರು ಹೆಸರಿದ್ದಿದ್ದರೆ ವಿಲ್ಕ್ಸ್ ಓದದೇ ಮಲಗಿಬಿಡ್ತಿದ್ದರಾ? ಬರೀ ಕರಡು, ಹೆಸರು ಆಮೇಲೆ ಸೇರಿಸೋದಿತ್ತು ಅನ್ನೋರೂ ಇದ್ದಾರೆ. ಆ ಆಮೇಲೆ ಬರಲೇ ಇಲ್ಲ.

ನನಗ್ಯಾಕೆ ಈ ಉರಿ ಅಂತೀರಾ? ಹಿಂದೊಂದು ಕಂಪನಿಯಲ್ಲಿ ನಾನೂ ಇನ್ನಿಬ್ಬರೂ ಮೂರು ವಾರಾಂತ್ಯ ಕೂತು ಒಂದು ಡಿಸೈನ್ ಮಾಡಿದ್ವಿ. ಸ್ಲೈಡ್ ಚಂದ ಮಾಡಿದವರ ಹೆಸರಲ್ಲಿ ಅದು ಮೇಲಕ್ಕೆ ಹೋಯ್ತು. ಇವತ್ತಿಗೂ ಅಲ್ಲಿ ಅದನ್ನ ಅವರ ಹೆಸರು ಹಿಡಿದೇ ಕರೀತಾರಂತೆ. ಕದ್ದರು ಅಂತ ನಾನು ಹೇಳಲ್ಲ, ಚೆನ್ನಾಗಿಯೇ ಬರೆದಿದ್ದರು.

'ಸ್ಟೋರ್ಡ್ ಪ್ರೋಗ್ರಾಂ ಕಂಪ್ಯೂಟರ್' ಅಂತ ಒಳ್ಳೇ ಹೆಸರಿದೆ. ಯಂತ್ರ ಏನು ಮಾಡುತ್ತೆ ಅಂತಲೂ ಅದೇ ಹೇಳುತ್ತೆ. ಈಗ ನಾನು ಇಂಟರ್‌ವ್ಯೂ ಮಾಡುವಾಗ ಯಾರಾದರೂ ವಾನ್ ನ್ಯೂಮನ್ ಅಂದರೆ ಮಾರ್ಕ್ಸ್ ಕಳೆಯಲ್ಲ. "ಜೊತೆಗೆ ಇನ್ಯಾರಿದ್ದರು?" ಅಂತ ಮಾತ್ರ ಕೇಳ್ತೀನಿ. ಹೋದ ತಿಂಗಳು ಹಾಸನದ ಕಡೆಯ ಹುಡುಗಿಯೊಬ್ಬಳು ಉತ್ತರ ಕೊಡದೆ ತಿರುಗಿ ಕೇಳಿದಳು: "ಸರ್, ನಿಮ್ಮ ಟೀಮಲ್ಲಿ ಡಿಸೈನ್ ಡಾಕ್ಯುಮೆಂಟ್ ಮೇಲೆ ಯಾರ ಹೆಸರು ಹಾಕ್ತೀರಾ?"