ಓದದೆ ಸುಡುವವರು, ಓದಿಸದೆ ಅಳಿಸುವವರು

2021ರ ಸೆಪ್ಟೆಂಬರ್‌ನಲ್ಲಿ ಕೇರಳದ ಕಣ್ಣೂರು ವಿಶ್ವವಿದ್ಯಾಲಯದ ಪಠ್ಯಕ್ರಮದ ಪ್ರತಿಗಳಿಗೆ ವಿದ್ಯಾರ್ಥಿ ಸಂಘಟನೆಯವರು ಬೆಂಕಿ ಹಚ್ಚಿದರು. ಆಡಳಿತ ಮತ್ತು ರಾಜಕೀಯ ವಿಷಯದ ಎಂ.ಎ. ಮೂರನೇ ಸೆಮಿಸ್ಟರಿನ ಓದಿನ ಪಟ್ಟಿಯಲ್ಲಿ ಹಿಂದುತ್ವ ಚಿಂತಕರಾದ ಸಾವರ್ಕರ್ ಮತ್ತು ಗೋಳ್ವಲ್ಕರ್ ಅವರ ಪುಸ್ತಕಗಳಿದ್ದವು ಎಂಬುದೇ ಸಿಟ್ಟಿಗೆ ಕಾರಣ. ಕೋರ್ಸ್ ಇದ್ದದ್ದು ತಲಶ್ಶೇರಿಯ ಬ್ರೆನ್ನನ್ ಕಾಲೇಜಿನಲ್ಲಿ. ಆಗಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಮತ್ತು ಕಾಂಗ್ರೆಸ್ಸಿನ ಕೆ. ಸುಧಾಕರನ್ ಇಬ್ಬರೂ ಓದಿದ ಕಾಲೇಜು ಅದು. ಅದೇ ವರ್ಷದ ಜೂನ್‌ನಲ್ಲಿ ಇಬ್ಬರೂ ಕ್ಯಾಂಪಸ್ಸಿನ ಹಳೆಯ ಹೊಡೆದಾಟಗಳನ್ನು ಕೆದಕಿ ಬಹಿರಂಗವಾಗಿಯೇ ಕಿತ್ತಾಡಿದ್ದರು. ಸಿದ್ಧಾಂತದ ಬಿಸಿ ಆ ಕಾಲೇಜಿಗೆ ಹೊಸದೇನಲ್ಲ.

ಕುಲಪತಿ ಗೋಪಿನಾಥ್ ರವೀಂದ್ರನ್ ಮೊದಮೊದಲು ಪಟ್ಟಿಯನ್ನು ಸಮರ್ಥಿಸಿಕೊಂಡರು. ಒತ್ತಡ ಏರಿದಂತೆ ಸದ್ಯಕ್ಕೆ ಕಲಿಸುವುದಿಲ್ಲ ಎಂದರು, ಇಬ್ಬರು ತಜ್ಞರ ಸಮಿತಿಯನ್ನೂ ಕೂರಿಸಿದರು. ಕಾಂಗ್ರೆಸ್ಸಿನ ವಿದ್ಯಾರ್ಥಿ ಸಂಘಟನೆ ಬೀದಿಗಿಳಿದಿದ್ದರೆ, ಅದೇ ಪಕ್ಷದ ಸಂಸದ ಶಶಿ ತರೂರ್ ಅವರು ಸಾವರ್ಕರ್, ಗೋಳ್ವಲ್ಕರ್‌ರನ್ನು ಓದದೆ ಎದುರಿಸುವುದು ಹೇಗೆ ಎಂದು ಕೇಳಿದರು. ಈ ಜಗಳದಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೇ.

ಪ್ರತಿಭಟಿಸಿದವರಿಗೆ ಈ ಪುಸ್ತಕಗಳಲ್ಲಿ ಏನಿದೆ ಎಂಬುದು ಗೊತ್ತಿತ್ತೋ ಇಲ್ಲವೋ. ‘ಬಂಚ್ ಆಫ್ ಥಾಟ್ಸ್’ 1966ರಲ್ಲಿ ಮೊದಲು ಪ್ರಕಟವಾದದ್ದು ನಮ್ಮ ಬೆಂಗಳೂರಿನಲ್ಲಿ, ವಿಕ್ರಮ ಪ್ರಕಾಶನದಿಂದ. ದೇಶದ ಆಂತರಿಕ ಅಪಾಯಗಳೆಂದು ಗೋಳ್ವಲ್ಕರ್ ಅದರಲ್ಲಿ ಮುಸ್ಲಿಮರು, ಕ್ರೈಸ್ತರು, ಕಮ್ಯುನಿಸ್ಟರನ್ನು ಒಬ್ಬರ ಹಿಂದೊಬ್ಬರಂತೆ ಹೆಸರಿಸುತ್ತಾರೆ. ಕೇರಳದ ಯಾವ ತರಗತಿಯಲ್ಲಾದರೂ ಈ ಮೂರೂ ಗುಂಪಿನ ಮನೆಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ. ಆ ಪುಟಗಳನ್ನು ಓದಿ ಚರ್ಚಿಸಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ ಸಿಕ್ಕೀತು? ಅವರದೇ 1939ರ ‘ವಿ, ಆರ್ ಅವರ್ ನೇಷನ್‌ಹುಡ್ ಡಿಫೈನ್ಡ್’ ಇನ್ನೂ ಮುಂದೆ ಹೋಗಿ, ಯಹೂದಿಗಳನ್ನು ಹೊರಹಾಕಿದ ಜರ್ಮನಿಯಿಂದ ಹಿಂದೂಸ್ಥಾನ ಕಲಿಯಬೇಕಾದ ಪಾಠವಿದೆ ಎನ್ನುತ್ತದೆ. ರಾಷ್ಟ್ರೀಯ ಸ್ವಯಂಸೇವಕ ಸಂಘದ ಸರಸಂಘಚಾಲಕ ಮೋಹನ್ ಭಾಗವತ್ 2018ರಲ್ಲಿ ದೆಹಲಿಯಲ್ಲಿ ಮಾತನಾಡುತ್ತ, ‘ಬಂಚ್ ಆಫ್ ಥಾಟ್ಸ್’ನಲ್ಲಿರುವ ಕೆಲವು ಮಾತುಗಳು ಆ ಸಂದರ್ಭದವು, ಸಾರ್ವಕಾಲಿಕವಲ್ಲ ಎಂದಿದ್ದರು. ಸಂಘವೇ ತನ್ನ ಹಿರಿಯರ ಪುಸ್ತಕವನ್ನು ಜರಡಿ ಹಿಡಿಯುತ್ತಿರುವಾಗ ವಿದ್ಯಾರ್ಥಿ ಮೂಲವನ್ನು ಕಾಣದೆಯೇ ಪದವಿ ಮುಗಿಸಬೇಕೆನ್ನುವುದು ವಿಚಿತ್ರ.

ಎಡಪಂಥೀಯರ ನೆಲದಲ್ಲಿ ಹೀಗಾದರೆ, ದೆಹಲಿಯ ಕಥೆ ಬೇರೆ ಬಣ್ಣದ್ದು. 2023ರ ಮೇ ತಿಂಗಳಲ್ಲಿ ದೆಹಲಿ ವಿಶ್ವವಿದ್ಯಾಲಯದ ವಿದ್ಯಾವಿಷಯಕ ಪರಿಷತ್ತು ಬಿ.ಎ. ರಾಜ್ಯಶಾಸ್ತ್ರದ ‘ಆಧುನಿಕ ಭಾರತೀಯ ರಾಜಕೀಯ ಚಿಂತನೆ’ ಪತ್ರಿಕೆಯಿಂದ ಕವಿ ಇಕ್ಬಾಲರ ಘಟಕವನ್ನು ತೆಗೆದುಹಾಕಲು ಒಪ್ಪಿತು. ದೇಶವಿಭಜನೆಗೆ ಬುನಾದಿ ಹಾಕಿದವರಿಗೆ ಪಠ್ಯದಲ್ಲಿ ಜಾಗವಿಲ್ಲ ಎಂಬುದು ಸಮರ್ಥನೆ. ‘ಸಾರೇ ಜಹಾಂ ಸೇ ಅಚ್ಛಾ’ ಬರೆದವನೇ 1930ರ ಮುಸ್ಲಿಂ ಲೀಗಿನ ಅಲಹಾಬಾದ್ ಅಧಿವೇಶನದಲ್ಲಿ ವಾಯವ್ಯ ಭಾರತದಲ್ಲಿ ಮುಸ್ಲಿಮರ ರಾಜ್ಯವೊಂದರ ಮಾತಾಡಿದ್ದು ಹೇಗೆ ಎಂಬುದನ್ನು ಬಿಟ್ಟು ವಿಭಜನೆಯನ್ನು ಅರ್ಥಮಾಡಿಕೊಳ್ಳಬೇಕಂತೆ! ಇದೇ ವಿಶ್ವವಿದ್ಯಾಲಯ 2011ರಲ್ಲಿ ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ ಅವರ ರಾಮಾಯಣ ಕುರಿತ ಪ್ರಬಂಧವನ್ನೂ ಇತಿಹಾಸದ ಪಠ್ಯದಿಂದ ಕಿತ್ತುಹಾಕಿತ್ತು. ನಾಲ್ವರು ತಜ್ಞರಲ್ಲಿ ಮೂವರು ಅದರ ಪರವಾಗಿದ್ದರೂ ಉಳಿಯಲಿಲ್ಲ.

ಕರ್ನಾಟಕದಲ್ಲಿ ಜಗಳವೆಲ್ಲ ಶಾಲಾ ಪುಸ್ತಕಗಳ ಸುತ್ತಲೇ ನಡೆಯುತ್ತದೆ. ಸಂಘದ ಸ್ಥಾಪಕ ಹೆಡಗೇವಾರ್ ಅವರ ಪಾಠ 2022ರಲ್ಲಿ ಬಂತು, ಸರ್ಕಾರ ಬದಲಾಗಿ 2023ರಲ್ಲಿ ಹೋಯಿತು. ಹತ್ತನೇ ತರಗತಿಯ ಮಗುವಿನ ಕೈಗೆ ಒಂದೇ ಪಠ್ಯ ಕೊಟ್ಟಾಗ ಅದರ ಪ್ರತಿ ಸಾಲಿನ ಬಗ್ಗೆ ಎಚ್ಚರ ಬೇಕು, ನಿಜ. ಎಂ.ಎ. ಓದುವ ಹುಡುಗಿಗೆ ಇಪ್ಪತ್ತು ದಾಟಿದೆ, ಆಗಲೇ ಮತ ಹಾಕಿದ್ದಾಳೆ. ಅವಳಿಗೂ ಅದೇ ಕಾವಲು ಹಾಕಿದರೆ ಅದು ಅವಮಾನ.

ಆದರೂ ಕಣ್ಣೂರಿನ ಟೀಕಾಕಾರರ ಒಂದು ಮಾತನ್ನು ತಳ್ಳಿಹಾಕಲಾಗದು. ಮೂಲಪಠ್ಯದ ಜೊತೆಗೆ ಅದರ ಖಂಡನೆ ಇಲ್ಲದಿದ್ದರೆ ಪಟ್ಟಿ ಪ್ರಚಾರಪತ್ರವಾಗುತ್ತದೆ. ಜೊತೆಗಿಡುವುದು ಹೇಗೆ ಎಂಬುದಕ್ಕೆ ಅಂಬೇಡ್ಕರರೇ ಮಾದರಿ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷತೆಗೆ ಕರೆದು, ಭಾಷಣದ ಅಚ್ಚಿನ ಪ್ರತಿ ಓದಿ ಬೆಚ್ಚಿ, ಸಮ್ಮೇಳನವನ್ನೇ ರದ್ದು ಮಾಡಿತು. ಅಂಬೇಡ್ಕರ್ ಆ ಭಾಷಣವನ್ನು ‘ಜಾತಿ ವಿನಾಶ’ ಎಂಬ ಹೆಸರಿನಲ್ಲಿ ತಮ್ಮ ಖರ್ಚಿನಲ್ಲಿ ಪ್ರಕಟಿಸಿದರು. ಗಾಂಧೀಜಿ ‘ಹರಿಜನ’ದಲ್ಲಿ ಟೀಕಿಸಿದಾಗ, 1937ರ ಎರಡನೇ ಮುದ್ರಣದಲ್ಲಿ ಆ ಟೀಕೆಯನ್ನೂ ಸೇರಿಸಿ, ಪಕ್ಕಕ್ಕೆ ತಮ್ಮ ಉತ್ತರವನ್ನೂ ಇಟ್ಟರು. ‘ಜಾತಿ ವಿನಾಶ’ ಓದುವವರಿಗೆ ಇಂದಿಗೂ ಎರಡೂ ಧ್ವನಿ ಕೇಳುತ್ತವೆ. ಮಾರ್ಕ್ಸ್, ಲೋಹಿಯಾ, ಸಾವರ್ಕರ್, ಪೆರಿಯಾರ್ ಎಲ್ಲರನ್ನೂ ಹೀಗೇ ಕಲಿಸಬಹುದು.

ಅಡ್ಡಿ ಇನ್ನೊಂದಿದೆ, ಅದರ ಬಗ್ಗೆ ಯಾರೂ ಧರಣಿ ಕೂರುವುದಿಲ್ಲ. ‘ಸಮಾಜವಾದದ ಲಕ್ಷಣಗಳನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆಗೆ ಜೆರಾಕ್ಸ್ ಅಂಗಡಿಯ ನೋಟ್ಸ್‌ನಲ್ಲಿ ಆರು ಅಂಶಗಳ ಉತ್ತರ ಸಿದ್ಧವಿರುತ್ತದೆ. 1951ರ ಕಾಗೋಡು ಸತ್ಯಾಗ್ರಹಕ್ಕೆ ಬಂದು ಸಮಾಜವಾದಿ ನಾಯಕ ಲೋಹಿಯಾ ಬಂಧನಕ್ಕೊಳಗಾದದ್ದು ಶಿವಮೊಗ್ಗ ಜಿಲ್ಲೆಯಲ್ಲೇ. ಗೇಣಿದಾರರ ಆ ಹೋರಾಟ ಉತ್ತರದಲ್ಲಿ ಬರದಿದ್ದರೂ ಅಂಕ ಪೂರಾ ಸಿಗುತ್ತದೆ.

ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಮುಂದಿನ ಪಠ್ಯ ಪರಿಷ್ಕರಣೆಯಲ್ಲಿ ಎರಡು ಕೆಲಸ ಮಾಡಲಿ. ಪ್ರತಿ ಸಿದ್ಧಾಂತಕ್ಕೂ ಒಂದು ಮೂಲಗ್ರಂಥ, ಅದಕ್ಕೆ ಪ್ರಬಲವಾದ ಒಂದು ಪ್ರತಿವಾದ ಕಡ್ಡಾಯವಾಗಲಿ. ಪ್ರಶ್ನೆಪತ್ರಿಕೆಯಲ್ಲಿ, ತನಗೆ ಒಪ್ಪಿಗೆಯಿಲ್ಲದ ಚಿಂತಕನ ವಾದವನ್ನು ಅವನೇ ಒಪ್ಪುವಷ್ಟು ನ್ಯಾಯವಾಗಿ ಬರೆದು ಬಳಿಕ ಖಂಡಿಸುವಂತೆ ವಿದ್ಯಾರ್ಥಿಯನ್ನು ಕೇಳಲಿ. ಯಾವ ಪಕ್ಷದ ಸರ್ಕಾರವಿದ್ದರೂ ಈ ಪಟ್ಟಿಯನ್ನು ಮುಟ್ಟುವ ಅಧಿಕಾರ ಮಂತ್ರಿಗಳಿಗೆ ಇರಕೂಡದು.